ಸುಳ್ಳು ನೋವು

ಹೊಲಿಗೆ ಅಂಗಡಿ
ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಕೈ ಕಟ್ಟಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಮಂಡಿನೋವು ಹೇಗಿದೆ? ಸೋದರಮಾವನ ಮನೆಯ ಮೆಟ್ಟಿಲು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡ ಎಂದರೆ ನೀನು ಕೇಳುವವಳೇ? ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಊರಿಗೆಲ್ಲ ಬುದ್ಧಿ ಹೇಳಿದವಳು, ನಿನಗೆ ಹೇಳುವವರು ಯಾರು!

ನನಗೆ ಈಗ ಎಂಟು ತಿಂಗಳು. ಗುಂಡಿಗೆ ಕಾಜಾ ಹಾಕುವ ಮಿಷನ್ನಿಗೂ ನನಗೂ ನಡುವೆ ಹೊಟ್ಟೆ ಅಡ್ಡ ಬರುತ್ತದೆ. ಕೈ ಹೇಗೋ ಸೂಜಿಯ ತನಕ ಎಟುಕುತ್ತದೆ. ಎರಡು ವಾರದಿಂದ ಹೊಟ್ಟೆ ಇದ್ದಕ್ಕಿದ್ದಂತೆ ಬಿಗಿದು, ಅರ್ಧ ನಿಮಿಷ ಹಲಗೆಯಂತೆ ಗಟ್ಟಿಯಾಗಿ, ಆಮೇಲೆ ಸಡಿಲವಾಗುತ್ತದೆ. ನೋವೇನೂ ಇಲ್ಲ. ಬಿಗಿದಾಗಲೆಲ್ಲ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಅಂಚಿಗೆ ಒಂದು ಗೀಟೆಳೆದು ಪಕ್ಕದಲ್ಲಿ ಹೊತ್ತು ಬರೆಯುತ್ತೇನೆ. "ಏನಮ್ಮಾ, ಇದ್ಯಾರ ಅಳತೆ?" ಎಂದು ಅಂಗಡಿಯ ಯಜಮಾನರು ನಗುತ್ತಾರೆ. ಒಮ್ಮೆ ಇಪ್ಪತ್ತು ನಿಮಿಷಕ್ಕೆ ಬರುತ್ತದೆ, ಆಮೇಲೆ ಎರಡು ಗಂಟೆ ಪತ್ತೆಯೇ ಇಲ್ಲ, ಮತ್ತೆ ಒಂದರ ಬೆನ್ನಿಗೆ ಇನ್ನೊಂದು. ನೀರು ಕುಡಿದು ಮಗ್ಗುಲಾದರೆ ಹೋಗಿಬಿಡುತ್ತದೆ. ಗೀಟುಗಳನ್ನೆಲ್ಲ ಚೀಟಿಗಿಳಿಸಿ ಡಾಕ್ಟರಿಗೆ ತೋರಿಸಿದೆ. ಗರ್ಭಕೋಶ ಹೀಗೆ ಆಗಾಗ ಬಿಗಿಯುವುದು ಸಹಜ, ಸಮವಾಗಿ, ಹತ್ತಿರ ಹತ್ತಿರ, ಜೋರಾಗುತ್ತಾ ಬಂದರೆ ಮಾತ್ರ ತಕ್ಷಣ ಬನ್ನಿ ಎಂದರು.

ಡಾಕ್ಟರ ಮಾತು ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಹೊಟ್ಟೆ ಬಿಗಿದಾಗಲೆಲ್ಲ ನನಗೆ ಕೇಳಿಸುವುದು ನಿನ್ನ ದನಿ: "ಸುಳ್ಳು ನೋವು ಕಣೇ, ನೀರು ಕುಡಿದು ಮಲಕ್ಕೋ." ಅಕ್ಕನಿಗೆ ಏಳು ತಿಂಗಳಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೀನು ಹೇಳಿದ್ದು ಅದನ್ನೇ. ಸಂಜೆಗೆ ಮಗು ಬಂತು, ಅಳಲಿಲ್ಲ. ಆರು ವರ್ಷವಾದರೂ ಆ ಮಾತು ಮನೆ ಬಿಟ್ಟು ಹೋಗಿಲ್ಲ. ಅಕ್ಕ ಇವತ್ತಿಗೂ ಆ ಬಾಗಿಲಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ನೀನು ಅಂದಿನಿಂದ ಯಾರ ಹೊಟ್ಟೆಯನ್ನೂ ಮುಟ್ಟದೆ ಮಾವನ ಮನೆ ಸೇರಿಬಿಟ್ಟೆ. ನನ್ನ ಸುದ್ದಿ ತಿಳಿದಾಗ ನಿನ್ನಿಂದ ಬಂದದ್ದು ಒಂದೇ ಸಾಲು: "ನನ್ನ ಕೈ ನಂಬಬೇಡ." ನನಗೆ ಭಯವಾಗುತ್ತದೆ ಅಮ್ಮಾ. ಸಂಜೆ ಮೇಜು ಒರೆಸುವಾಗ ನನ್ನ ಗೀಟುಗಳು ಅಳಿಸಿ ಹೋಗುತ್ತವೆ. ಅಕ್ಕನಿಗಾಗಿ ಅಂದು ಯಾರೂ ಎಳೆಯದ ಗೀಟುಗಳು ಮಾತ್ರ ಅಲ್ಲೇ ಇದ್ದಂತೆ ಕಾಣುತ್ತದೆ. ಮತ್ತೆ ಮತ್ತೆ ಒರೆಸುತ್ತೇನೆ.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ಹೇಳು. ನಿನಗೂ ನಮಸ್ಕಾರ, ಬಗ್ಗಲು ಆಗುತ್ತಿಲ್ಲ, ನಿಂತಲ್ಲಿಂದಲೇ ಮಾಡಿದೆನೆಂದು ತಿಳಿದುಕೋ.

ನಿನ್ನ ಚಿಕ್ಕವಳು

ತಾ.ಕ. ಊಟದ ಬಿಡುವು ಮುಗಿಯಿತು, ಬೇಗ ಬರೆದುಬಿಡುತ್ತೇನೆ. ನಿನ್ನೆ ಅಕ್ಕ ಅಂಗಡಿಗೆ ಬಂದು ನನ್ನ ಗೀಟುಗಳನ್ನು ನೋಡಿ ಅತ್ತಳು. ಅಂದು ಕೈಯಿಡುವ ಮೊದಲು ನೀನು, "ಲೆಕ್ಕವಾಗಿ ಬರ್ತಿದೆಯಾ?" ಎಂದು ಕೇಳಿದ್ದೆಯಂತೆ. ಅವಳಿಗೆ ಬೆಳಗಿನಿಂದ ಹತ್ತು ಹತ್ತು ನಿಮಿಷಕ್ಕೆ ಬರುತ್ತಲೇ ಇತ್ತಂತೆ. ಹೌದು ಎಂದರೆ ನಿಜವಾಗಿಬಿಡುತ್ತದೆ ಎಂದು ಹೆದರಿ ಇಲ್ಲ ಎಂದಳಂತೆ. "ನೋವು ಸುಳ್ಳಲ್ಲ ಕಣೇ, ನಾನು ಹೇಳಿದ್ದು ಸುಳ್ಳು. ಅಮ್ಮನಿಗೆ ನೀನೇ ಹೇಳು, ನನ್ನ ಕೈಲಿ ಆಗಲ್ಲ" ಎಂದಳು. ಹೇಳಿದ್ದೇನೆ. ಈಗ ಬಾ ಅಮ್ಮಾ, ಕೈಯಿಡು. ನೀನು ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತೇನೆ.