ಸೊಸೆಯ ಗಾಜಿನ ತೊಟ್ಟಿ

ತಂಗೀ,

ನನ್ನ ಮಂಡಿನೋವು ಕಮ್ಮಿಯಾಗಿದೆ, ಆದರೆ ತಲೆ ಎತ್ತಿ ಓಡಾಡುವ ಹಾಗಿಲ್ಲ. ಮೊನ್ನೆ ಸೊಸೆ ತಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಕರಕೊಂಡು ಹೋದಳು. ಇಳಿಜಾರು ತಳದ ಉದ್ದನೆಯ ಗಾಜಿನ ತೊಟ್ಟಿ, ತುಂಬ ತಿಳಿನೀರು. ಮೇಲಿನ ತುದಿಯಲ್ಲಿ ಕೆಸರುನೀರು ಬಿಟ್ಟಳು. ಎಲ್ಲ ಕದಡಿಹೋಯಿತು ಅಂದುಕೊಂಡೆ. ಇಲ್ಲ ಕಣೇ! ಕೆಸರು ಭಾರಕ್ಕೆ ತಳ ಹಿಡಿದು, ದಟ್ಟ ಹೊಗೆಯ ಹಾಗೆ ಉರುಳುತ್ತಾ ಇಳಿಜಾರಿನಲ್ಲಿ ಓಡಿತು. ಮೇಲಿನ ನೀರು ತಿಳಿಯಾಗಿಯೇ ಇತ್ತು. "ಸಮುದ್ರದಡಿಯಲ್ಲೂ ಮರಳು, ಮಣ್ಣು ಹೀಗೇ ದೂರ ಹೋಗುತ್ತೆ ಅತ್ತೆ" ಅಂದಳು.

ನಿನ್ನೆ ಹೋದಾಗ ನೀರು ಬಸಿದಿತ್ತು, ತಳದಲ್ಲಿ ಮಣ್ಣು ಕೂತಿತ್ತು. ಅವಳು ಆಚೆ ಹೋದಳು. ನನ್ನ ಕೈ ಸುಮ್ಮನಿರಬೇಕಲ್ಲ! ಇವಳಿಗೆ ತೊಳೆಯೋಕೂ ಬರಲ್ಲ ಅಂತ ಗೊಣಗುತ್ತಾ ಫಳಫಳ ಉಜ್ಜಿಟ್ಟೆ. ಆಮೇಲೆ ಗೊತ್ತಾಯಿತು, ಯಾವ ಮಣ್ಣು ಎಲ್ಲಿ ಕೂತಿತು ಅಂತ ಅಳೆಯುವುದೇ ಅವಳ ಕೆಲಸವಂತೆ. ಬಂದು ನೋಡಿ ಬಿಳಿಚಿಕೊಂಡಳು. ಅಷ್ಟರಲ್ಲಿ ಅವಳ ಮೇಲಧಿಕಾರಿ ಬಂದರು. ಅವರ ಮುಂದೆ ಅವಳು ತನ್ನತ್ತಲೇ ಬೆರಳು ತೋರಿಸಿಕೊಂಡಳು. ಈ ಊರಿನ ಭಾಷೆ ಬರದ ನನಗೂ ಅರ್ಥವಾಯಿತು. ಅವಳು ಬೈಸಿಕೊಳ್ಳುತ್ತಿದ್ದಳು, ನಾನು ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ.

ದಾರಿಯಲ್ಲಿ "ಬಿಡಿ ಅತ್ತೆ, ಮತ್ತೆ ಹರಿಸಿದರಾಯ್ತು" ಅಂತ ನನಗೇ ಸಮಾಧಾನ ಹೇಳಿದಳು. ಇವತ್ತು ಆ ಅಧಿಕಾರಿಯ ಮುಂದೆ ಹೋಗಿ, ಉಜ್ಜುವ ಹಾಗೆ ಕೈಯಾಡಿಸಿ, ಅದು ನಾನೇ ಅಂತ ಸನ್ನೆ ಮಾಡಿದೆ. ಅವರು ನಕ್ಕುಬಿಟ್ಟರು. ಸೊಸೆ ಕಣ್ಣೊರೆಸಿಕೊಂಡಳು.

ಅವಳ ಬಗ್ಗೆ ನಿನ್ನ ಹತ್ತಿರ ಏನೇನೋ ಆಡಿದ್ದೆನಲ್ಲ, ಅದನ್ನೆಲ್ಲ ಮರೆತುಬಿಡೇ. ಕಾರ್ಡು ತುಂಬಿತು.

ನಿನ್ನಕ್ಕ