ಮಿಷನ್ನಿಗೆ ಇಟ್ಟ ಕುಂಕುಮ

ಅರಕಲಗೂಡು
14-12-2008, ಭಾನುವಾರ

ಪ್ರೀತಿಯ ಅಪ್ಪಾ,

ಜೈಭೀಮ್. ಮಂಡಿನೋವು ಹೇಗಿದೆ? ಬೀದರಿನ ಚಳಿ ನಮ್ಮ ಕಡೆಯ ಚಳಿಯಂತಲ್ಲ, ಮೂಳೆಗೇ ಇಳಿಯುತ್ತದೆ ಎಂದು ಬರೆದಿದ್ದಿರಿ. ಅವ್ವ ಹೊಲಿದು ಕಳಿಸಿದ ದಪ್ಪ ಅಂಗಿ ಹಾಕಿಕೊಳ್ಳುತ್ತಿದ್ದೀರೋ, ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದೀರೋ? ಜೋಳದ ರೊಟ್ಟಿ ಒಗ್ಗಿತೇ? ಬಿಸಿಯೂಟದಲ್ಲಿ ನಮ್ಮ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸಿದ್ದನ್ನು ಪ್ರಶ್ನಿಸಿದಿರೆಂದು ನಿಮ್ಮನ್ನು ರಾಜ್ಯದ ಆ ತುದಿಗೆ ಎಸೆದರು. ಅವರಿಗೆ ನೀವು ಸೋಲಲಿಲ್ಲ, ಮಂಡಿಗೂ ಸೋಲಬೇಡಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನನ್ನನ್ನು ಮುಗಿಸಲು ಬಿಡುವುದಿಲ್ಲ, ಮೂರನೇ ಮಾತಿಗೇ ನಿಮ್ಮ ಭಾಷಣ ಶುರುವಾಗುತ್ತದೆ. ಕಾಗದದ ಮುಂದೆ ಕೊನೆಯತನಕ ಸುಮ್ಮನಿರಲೇಬೇಕು.

ಲ್ಯಾಪ್‌ಟಾಪಿನ ಸಂಗತಿ ನಿಮಗೆ ಅರ್ಧ ಗೊತ್ತು. ತಾಲ್ಲೂಕು ಕಚೇರಿ ಮುಂದಿನ ತಗಡಿನ ಕೆಳಗೆ ಮೂವತ್ತು ವರ್ಷ ಟೈಪು ಹೊಡೆದ ಶಿವಯ್ಯನವರು ಕಣ್ಣು ಮಂಜಾಗಿ ಜಾಗ ಬಿಡುತ್ತೇನೆಂದಾಗ, ಅದು ನನಗೇ ಸಿಗಬೇಕೆಂದು ಹಟ ಹಿಡಿದವರು ನೀವು. ನಮ್ಮ ಕೇರಿಯವರು ಇಷ್ಟು ಕಾಲ ಆ ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಯಾರೋ ಬರೆದುಕೊಟ್ಟದ್ದಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು. ಮೇಜಿನ ಆ ಕಡೆ ನಮ್ಮ ಹುಡುಗಿಯೊಬ್ಬಳು ಕೂರಲಿ ಅಂದಿರಿ. ಬೀದಿಯಲ್ಲಿ ಕರೆಂಟು ಇಲ್ಲ, ಬ್ಯಾಟರಿಯ ಮಿಷನ್ನೇ ಬೇಕು ಎಂದು ಹಾಸನಕ್ಕೆ ಹೋದೆವು. ಅಂಗಡಿಯ ಸಂಪತ್ಕುಮಾರರ ಮಾತು ನಿಮಗೂ ನೆನಪಿರಬೇಕು: "ರೀಫರ್ಬಿಶ್ಡ್ ಅಂದ್ರೆ ಹಳೇದಲ್ಲ ಮೇಷ್ಟ್ರೇ, ಹಳೇದನ್ನ ಹೊಸದು ಮಾಡಿರೋದು. ಆರು ತಿಂಗಳು ವಾರಂಟಿ. ಕಣ್ಮುಚ್ಕೊಂಡು ತಗೊಂಡ್ಹೋಗಿ." ನಾವು ಕಣ್ಣು ಮುಚ್ಚಿಕೊಂಡೇ ತಂದೆವು. ಮೂರನೇ ದಿನಕ್ಕೆ ಅದರ ಬುಡ ರೊಟ್ಟಿ ಹೆಂಚಿನ ಹಾಗೆ ಕಾದು, ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಆರಿಹೋಗತೊಡಗಿತು. 'ತಹಸೀಲ್ದಾರರಿಗೆ' ಎಂದು ಹೊಡೆದು 'ಮಾನ್ಯರೇ' ಅನ್ನುವಷ್ಟರಲ್ಲಿ ಪರದೆ ಕಪ್ಪು. ಎದುರಿಗೆ ಕೂತಿದ್ದ ಮುದುಕ, "ಇದ್ಯಾಕವ್ವ, ನಿನ್ ಮಿಷನ್ನೂ ತಾಸಿಲ್ದಾರ್ರ ಎಸ್ರು ಕೇಳಿದ್ರೆ ಎದರ್ಕತದಾ?" ಅಂದ. ನಾನೂ ನಕ್ಕೆ. ಆಗಿನ್ನೂ ನಗುವಷ್ಟು ಧೈರ್ಯವಿತ್ತು.

ಆಮೇಲೆ ಶುರುವಾಯಿತು ಸುತ್ತಾಟ. ಹಾಸನದವರು "ವಾರಂಟಿ ಕಾರ್ಡಲ್ಲಿ ಚನ್ನರಾಯಪಟ್ಟಣದ ಸೀಲಿದೆ, ಅಲ್ಲಿಗೆ ಹೋಗಿ" ಅಂದರು. ಚನ್ನರಾಯಪಟ್ಟಣದವರು "ಇಲ್ಲಿ ಬರೀ ಗೋಡೌನು, ರಿಪೇರಿ ಎಲ್ಲ ಹೊಳೆನರಸೀಪುರದಲ್ಲಿ" ಅಂದರು. ಹೊಳೆನರಸೀಪುರದ ರಿಪೇರಿ ಮೇಜಿನಲ್ಲಿ ಕೂರುವ ವಂಶಿ, "ಹಾಸನದೋರ ಚೀಟಿ ಇಲ್ದೆ ನಾನು ಸ್ಕ್ರೂ ಮುಟ್ಟೋ ಹಾಗಿಲ್ಲ ಅಕ್ಕ" ಅಂದ. ಮಿಷನ್ನನ್ನು ಹಸುಗೂಸಿನ ಹಾಗೆ ಅವುಚಿಕೊಂಡು ಮೂರು ಊರು ಸುತ್ತಿದೆ. ಯಾರೂ ಆಗುವುದಿಲ್ಲ ಅನ್ನುವುದಿಲ್ಲ ಅಪ್ಪ. ಆಗುವುದಿಲ್ಲ ಅಂದರೆ ಜಗಳ ಮಾಡಬಹುದು. ಎಲ್ಲರೂ ಬಾಗಿಲು ತೋರಿಸುತ್ತಾರೆ, ಆ ಬಾಗಿಲು ಇನ್ನೊಂದು ಬಸ್‌ಸ್ಟ್ಯಾಂಡಿಗೆ ತೆರೆಯುತ್ತದೆ. ಅಷ್ಟರಲ್ಲಿ ದಸರಾ ಬಂದು ಹೋಯಿತು. ಹಬ್ಬದ ಮಾರನೆಯ ದಿನದಿಂದ ಅದು ಹೊತ್ತುವುದನ್ನೇ ನಿಲ್ಲಿಸಿತು.

ಕೊನೆಗೆ ಚೀಟಿ ಸಿಕ್ಕಿ, ವಂಶಿ ನನ್ನೆದುರೇ ಬಿಚ್ಚಿದ. ಒಳಗೆ ಗುಂಡಿಗಳ ಸಂದಿಯಲ್ಲೂ ಫ್ಯಾನಿನ ರೆಕ್ಕೆಯ ಮೇಲೂ ಒಣಗಿ ಗಟ್ಟಿಯಾದ ಕುಂಕುಮ. ಅವನು ದನಿ ತಗ್ಗಿಸಿ, "ಫ್ಯಾನು ಮೊದ್ಲಿಂದ್ಲೇ ಸತ್ತಿತ್ತು ಅಕ್ಕ, ನಂಗೊತ್ತು. ಆದ್ರೆ ಇದನ್ನ ಕಂಡ್ರೆ ಅವ್ರು ಬಿಡಲ್ಲ" ಅಂದ. ಬಿಡಲಿಲ್ಲ. ಹಾಸನದ ಅಂಗಡಿಯಲ್ಲಿ ಹತ್ತು ಜನರ ಮುಂದೆ ಸಂಪತ್ಕುಮಾರರು, "ಆಯುಧಪೂಜೆ ಜೋರಾಗೇ ಮಾಡಿದ್ದೀರಲ್ಲಮ್ಮ, ನೀರು ಬಿದ್ದದ್ದಕ್ಕೆ ವಾರಂಟಿ ಇಲ್ಲ" ಅಂದರು. ನಾವು ಬೌದ್ಧರು, ನಮ್ಮ ಮನೆಯಲ್ಲಿ ಕುಂಕುಮವೇ ಇಲ್ಲ ಅಂದೆ. "ಹೆಸರು ಧನಲಕ್ಷ್ಮಿ, ಮನೇಲಿ ಚಿಟಿಕೆ ಕುಂಕುಮ ಇಲ್ವಾ!" ಎಂದು ನಕ್ಕರು. ಅಂಗಡಿಗೆ ಅಂಗಡಿಯೇ ನಕ್ಕಿತು. ದೀಕ್ಷೆ ತಗೊಂಡಾಗ ನನ್ನ ಹೆಸರೊಂದನ್ನು ಬದಲಿಸಲು ಮರೆತಿರಿ ನೋಡಿ, ಅದು ಅವರ ಕೈಗೆ ಕೋಲಾಯಿತು. ಅವರು ಮಿಷನ್ನನ್ನು ನನ್ನ ಕೈಗೆ ಕೊಡಲಿಲ್ಲ, ಗಾಜಿನ ಕೌಂಟರಿನ ಮೇಲೆ ಈ ಕಡೆಗೆ ತಳ್ಳಿದರು. ಅದನ್ನೂ ಕಂಡೆ. ನಮಗೆ ಅದು ಕಾಣದೆ ಇರುತ್ತದೆಯೇ?

ಆ ಸಿಟ್ಟಿನಲ್ಲೇ ನಿಮಗೆ ಫೋನು ಮಾಡಿದ್ದು. "ಬರಿ, ನಾನು ಹೇಳ್ತೀನಿ" ಎಂದು ಒಂದೊಂದೇ ಮಾತು ಹೇಳಿ ಬರೆಸಿದಿರಿ: ನಮ್ಮ ಮನೆಯಲ್ಲಿ ಏಳು ವರ್ಷದಿಂದ ಕುಂಕುಮವಿಲ್ಲ, ಹೊಳೆನರಸೀಪುರದ ರಿಪೇರಿ ಮೇಜಿನ ಮೇಲೂ ಹತಾರಗಳ ಮೇಲೂ ಹಬ್ಬದ ಕುಂಕುಮವಿತ್ತು, ಅದೇ ಒಳಗೆ ಬಿದ್ದಿದೆ. ನಮ್ಮ ದಲಿತ ಸಂಘದ ವಕೀಲ ಗೌರೀಶಂಕರ್ ಅದನ್ನೇ ಅಫಿಡವಿಟ್ ಮಾಡಿ ಗ್ರಾಹಕರ ವೇದಿಕೆಗೆ ಹಾಕಿದರು. ಬಿಚ್ಚಿದಾಗಲೇ ಕುಂಕುಮ ಒಣಗಿದ್ದನ್ನು ಕಂಡಿದ್ದರೂ ಪ್ರಮಾಣ ಮಾಡಿ ಸಹಿ ಹಾಕಿದವಳು ನಾನು. ಸಂಘದವರು ಕರಪತ್ರ ಹಂಚಿದರು. ಈಗ ವಂಶಿಯ ಮಾಲೀಕರು, ವೇದಿಕೆಯಲ್ಲಿ ತಪ್ಪು ರುಜುವಾದರೆ ನಿನ್ನ ಕೆಲಸ ಇಲ್ಲ ಅಂದಿದ್ದಾರಂತೆ. ಅವನು ನನಗೆ ಫೋನು ಮಾಡಿದ್ದ. ಬೈಯಲಿಲ್ಲ. "ನನ್ ಕೈಯಿಂದ ಬಿದ್ದಿದ್ದಲ್ಲ ಅಕ್ಕ, ನೀವೇ ಎದುರಿಗಿದ್ರಲ್ಲ" ಅಂದ, ಇಟ್ಟುಬಿಟ್ಟ.

ಅಂದು ಸಂಜೆ ಅವ್ವನ ಮುಂದೆ ಆ ಮಾತು ಎತ್ತಿದೆ. ಅವಳು ಹೊಲಿಗೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಹಾಗೇ ನಿಲ್ಲಿಸಿದಳು. "ನಾನೇ ಕಣವ್ವ ಇಕ್ಕಿದ್ದು" ಅಂದಳು. ವರ್ಷಾವರ್ಷ ಆಯುಧಪೂಜೆ ದಿನ, ನಾವಿಬ್ಬರೂ ಸಂಘದ ಸಭೆಗೆ ಹೋದಮೇಲೆ, ಹೊಲಿಗೆ ಮಿಷನ್ನಿಗೆ ಒಂದು ಬೊಟ್ಟು ಇಟ್ಟು, ಕೈ ಮುಗಿದು, ನಾವು ಬರುವಷ್ಟರಲ್ಲಿ ಒರೆಸಿಬಿಡುತ್ತಿದ್ದಳಂತೆ. "ಇದೂ ಮಿಷನ್ನೇ ಅಲ್ವಾ. ನನ್ ಮಗಳು ಕೂತ್ಕಂಡು ಅನ್ನ ತಿನ್ನೋ ಮಿಷನ್ನು. ಬಿಸಿ ಆಯ್ತದೆ ಅಂತಿದ್ದಲ್ಲ, ಸರಿ ಓಗ್ಲಿ ಅಂತ ಕಲಸಿ ಅಯ್ದು ಬೊಟ್ಟು ಇಕ್ದೆ. ಆಮ್ಯಾಕೆ ನೀನು ನೋಡ್ಬುಟ್ರೆ ಅಂತ ಎದರ್ಕಂಡು, ಒದ್ದೆ ಬಟ್ಟೇಲಿ ಉಜ್ಜಿ ಉಜ್ಜಿ ವರಸ್ದೆ." ಅರ್ಥವಾಯಿತೇ ಅಪ್ಪ? ಮೇಲಿಟ್ಟ ಬೊಟ್ಟು ಮೇಲೇ ಒಣಗುತ್ತಿತ್ತು. ಅದನ್ನು ಒಳಗೆ ಇಳಿಸಿದ್ದು ಒರೆಸಿದ ನೀರು. ಒರೆಸಿದ್ದು ನಮಗೆ ಹೆದರಿ.

ದೀಕ್ಷೆ ತಗೊಂಡು ನೀವು ಹೇಮಾವತಿ ಹೊಳೆಗೆ ಅವ್ವನ ಕುಂಕುಮದ ಭರಣಿ ಎಸೆದ ದಿನ ನನಗೆ ಹದಿನೈದು ವರ್ಷ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಆ ದಾರಿ ಸರಿ, ಇವತ್ತಿಗೂ ಸರಿ. ಆದರೆ ಅವ್ವನ ಹಣೆಯನ್ನು ಒರೆಸುವಾಗ ಅವಳನ್ನು ಕೇಳಿದೆವೇ? ನೀವು ವೇದಿಕೆ ಹತ್ತಿ ಮಾತಾಡಿ ಬಂದಿರಿ. ನಲ್ಲಿಯ ಹತ್ತಿರ ಅವಳ ಬರೀ ಹಣೆ ನೋಡಿ "ಯಾಕವ್ವ, ಮೇಷ್ಟ್ರು ಚೆನ್ನಾಗವ್ರಾ?" ಎಂದು ಕೇಳಿದವರಿಗೆಲ್ಲ ಏಳು ವರ್ಷ ಉತ್ತರ ಕೊಟ್ಟವಳು ಅವಳು. ಬೇರೆಯವರು ನಮ್ಮನ್ನು ಕೇಳದೆ ನಮ್ಮ ಬದುಕು ತೀರ್ಮಾನಿಸುತ್ತಾರೆ ಎಂದು ಬೀದಿಯಲ್ಲಿ ಕೂಗುತ್ತೇವೆ. ಮನೆಯೊಳಗೆ ನಾವು ಮಾಡಿದ್ದು ಇನ್ನೇನು?

ಗುರುವಾರ ವಿಚಾರಣೆ. ನಿಜ ಹೇಳಿದರೆ ನನ್ನ ಅಫಿಡವಿಟ್ ಸುಳ್ಳಾಗುತ್ತದೆ, ಮಿಷನ್ನು ಹೋಗುತ್ತದೆ, ಸಂಪತ್ಕುಮಾರರು ಇನ್ನೊಂದು ಸಲ ನಗುತ್ತಾರೆ. ಸುಮ್ಮನಿದ್ದರೆ ವಂಶಿಯ ಕೆಲಸ ಹೋಗುತ್ತದೆ. ಗೌರೀಶಂಕರ್ "ಬಾಯಿ ಬಿಡ್ಬೇಡಮ್ಮ, ಸಂಘದ ಮರ್ಯಾದೆ ಪ್ರಶ್ನೆ" ಅನ್ನುತ್ತಾರೆ. ಶಿವಯ್ಯನವರು "ಸಂಕ್ರಾಂತಿ ತಂಕ ಜಾಗ ಇಟ್ಕತೀನಿ, ಆಮ್ಯಾಕೆ ನನ್ ಕೈಲಾಗಲ್ಲ ಕಣವ್ವ" ಅಂದಿದ್ದಾರೆ. ಬಸ್ಸಿಳಿದ ಕಡೆಯೆಲ್ಲ ಗೋಡೆ ಅಪ್ಪ. ಒಂದು ಗೋಡೆಯನ್ನು ಕಟ್ಟಿದವಳು ನಾನೇ.

ಹುಷಾರಾಗಿರಿ. ಮಾತ್ರೆ ತಪ್ಪಿಸಬೇಡಿ. ಶಾಲೆಯ ಮಕ್ಕಳಿಗೆ ನನ್ನ ಪ್ರೀತಿ ಹೇಳಿ.

ನಿಮ್ಮ ಮಗಳು,
ಧನಲಕ್ಷ್ಮಿ

ಮರೆತೆ: ಇಷ್ಟು ಬರೆದು ಮಡಿಚುವಾಗ ಅವ್ವ ಬಂದು ಪಕ್ಕದಲ್ಲಿ ಕೂತು, ಓದು ಅಂದಳು. ಪೂರ್ತಿ ಓದಿದೆ. "ಇಕ್ಕಿದೋಳು ನಾನು. ನಂಗೇನು ಬಾಯಿಲ್ವಾ? ನಾನೇ ಬತ್ತೀನಿ" ಅಂದಳು. ಗುರುವಾರ ಬೆಳಿಗ್ಗೆ ಇಬ್ಬರೂ ಹಾಸನಕ್ಕೆ ಹೋಗುತ್ತೇವೆ. ನನ್ನ ಅಫಿಡವಿಟ್ ವಾಪಸು ತಗೊಳ್ಳುತ್ತೇನೆ. ಏನಾಯಿತೆಂದು ಅವಳೇ ಎಲ್ಲರ ಮುಂದೆ ಹೇಳುತ್ತಾಳೆ. ಫ್ಯಾನು ಹಬ್ಬಕ್ಕೆ ಮುಂಚೆಯೇ ಕೆಟ್ಟಿತ್ತು ಎಂದು ವಾದಿಸಿ ನೋಡುತ್ತೇನೆ, ಇಷ್ಟಾದ ಮೇಲೆ ನನ್ನ ಮಾತು ಯಾರು ನಂಬುತ್ತಾರೋ ತಿಳಿಯದು. ಈ ಕಾಗದ ನಿಮಗೆ ಸೇರುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ, ಬೇಕೆಂದೇ ಫೋನು ಮಾಡಲಿಲ್ಲ. ಈಗ ತಾನೇ ಅವ್ವ ಕೇಳಿದಳು: "ಅಲ್ಲಿಗೆ ಹಣೆ ಬರೀದು ಬಿಟ್ಕಂಡು ಬರ್ಲಾ, ಇಟ್ಕಂಡು ಬರ್ಲಾ? ನಿಮ್ಮಪ್ಪನ್ನ ಒಂದ್ಮಾತು ಕೇಳಿ ಏಳು." ನಾನು ಕೇಳುವುದಿಲ್ಲ ಅಂದೆ. ಅವಳು ಇನ್ನೂ ಯೋಚಿಸುತ್ತಿದ್ದಾಳೆ. ನೀವು ಉತ್ತರ ಬರೆಯುವುದಾದರೆ ನನಗೆ ಬೇಡ, ಅವಳ ಹೆಸರಿಗೆ ಬರೆಯಿರಿ. ದೊಡ್ಡತಾಯಮ್ಮನವರಿಗೆ ಎಂದು. ಅಕ್ಷರ ದಪ್ಪಗಿರಲಿ, ಅವಳು ಕೂಡಿಸಿ ಕೂಡಿಸಿ ಓದುತ್ತಾಳೆ.