ಅಮ್ಮನ ಜೀನು ಯಾಕೆ ಮಾರಲ್ಲ

ಕೋರಾ,

ಬೇಲಿ ಸರಿಮಾಡೋಕೆ ಹೊರಟಿದ್ದೀನಿ. ಒಲೆ ಮೇಲೆ ಬೀನ್ಸ್ ಇದೆ, ತಿಂದೇ ಹೋಗು.

ಶೆರಿಡನ್ ಪೇಟೆಯ ಹರಾಜಲ್ಲಿ ಹಳೇ ಕುದುರೆ ಜೀನು ಕೊಳ್ಳುವಾಗ ಎಣ್ಣೆಯ ಹೊಳಪಿಗೆ ಮರುಳಾಗಬೇಡ. ಜೀನಿನ ಮುಂದೆ ಕೊಂಬಿನಂತೆ ಎದ್ದಿರೋ ಹಿಡಿಯನ್ನು ನಿನ್ನ ಹೊಟ್ಟೆಗೆ ಆನಿಸಿಕೊಂಡು, ಹಿಂದಿನ ಅಂಚನ್ನು ನಿನ್ನ ಕಡೆಗೆ ಜೋರಾಗಿ ಎಳಿ. ನಡುವೆ ಬಗ್ಗಿದರೆ ಒಳಗಿನ ಮರದ ಚೌಕಟ್ಟು ಮುರಿದಿದೆ ಅಂತ. ಅಂಥದ್ದು ಬಿಟ್ಟಿ ಕೊಟ್ಟರೂ ಬೇಡ, ಕುದುರೆ ಬೆನ್ನು ಹುಣ್ಣಾಗುತ್ತೆ.

ಹೋಗೋ ಮುಂಚೆ ಅಮ್ಮನ ಜೀನನ್ನೇ ಹಾಗೆ ಎಳೆದು ನೋಡು. "ಸುಮ್ನೆ ಧೂಳು ತಿಂತಿದೆ, ಮಾರೋಕೇನು ಕಷ್ಟ ಅಪ್ಪಾ?" ಅಂತ ನಿನ್ನೆ ರೇಗಿದೆಯಲ್ಲ. ಹೊರಗೆ ಒಂದು ಗೀರೂ ಕಾಣಲ್ಲ. ನೀನಿನ್ನೂ ತೊಟ್ಟಿಲಲ್ಲಿದ್ದಾಗ ಕುದುರೆ ಜೀನು ಸಮೇತ ಅವಳ ಮೇಲೆ ಉರುಳಿತು. ಎದ್ದವಳೇ ಧೂಳು ಕೊಡವಿಕೊಂಡು, "ಏನೂ ಆಗಿಲ್ಲ ಬಿಡು" ಅಂತ ನಕ್ಕು, ಅಡುಗೆಗೆ ನಿಂತಳು. ಬೆಳಗಾಗುವಷ್ಟರಲ್ಲಿ ತೀರಿಹೋಗಿದ್ದಳು.

ಅವಳ ಮೈಮೇಲೂ ಒಂದು ಗೀರೂ ಇರಲಿಲ್ಲ, ಮಗಳೇ.

ಅಪ್ಪ